ಮದ್ದಿನ ಅಳತೆ ಯಾರನ್ನು ಕೇಳಬೇಕು?

ಗೊಬ್ಬರದ ಬಗ್ಗೆ, ಬೀಜದ ಬಗ್ಗೆ, ಹುಳಕ್ಕೆ ಹೊಡೆಯುವ ಔಷಧಿ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಎಷ್ಟೋ ಜನ ಬರೆದಿದ್ದಾರೆ. ಕೋವಿಗೆ ಹಾಕುವ ಮದ್ದಿನ ಬಗ್ಗೆ ಯಾರೂ ಬರೆದದ್ದು ನಾನು ಕಾಣೆ. ಬೆಳೆ ಕಾಯಲಿಕ್ಕೆ ಪರವಾನಗಿ ಪಡೆದು ಕೇಪಿನ ಕೋವಿ ಇಟ್ಟುಕೊಂಡವರು ನಮ್ಮ ಓದುಗರಲ್ಲಿ ಇದ್ದೇ ಇದ್ದಾರೆ. ಅವರಿಗೂ ಅವರ ಮನೆ ಮಕ್ಕಳಿಗೂ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಏಳನೇ ಕ್ಲಾಸಿನವರೆಗೆ ಓದಿದವನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಓದಿ.

ನಮ್ಮದು ಮಳೆ ನೆಚ್ಚಿದ ಭೂಮಿ. ಆರು ಎಕರೆ. ಶೇಂಗಾ, ರಾಗಿ, ಬದುವಿಗೆ ತೊಗರಿ, ಅವರೆ. ಹೊಲದಿಂದ ಒಂದು ಕೂಗಳತೆಗೆ ಗುಡ್ಡ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಇಳಿಯುತ್ತವೆ. ಒಂದು ರಾತ್ರಿ ಕಣ್ಣು ಮುಚ್ಚಿದರೆ ಬೆಳಗ್ಗೆ ಎದ್ದು ನೋಡುವಾಗ ನೇಗಿಲು ಹೊಡೆದ ಹಾಗೆ ಆಗಿರುತ್ತದೆ. ಹಂದಿಯನ್ನು ಅಪ್ಪಣೆ ಇಲ್ಲದೆ ಕೊಲ್ಲುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ನಾವು ಕೋವಿ ಹಾರಿಸುವುದು ಬೆದರಿಸಲಿಕ್ಕೆ. ಆ ಬೆದರಿಕೆಯೇ ನಮ್ಮ ಮನೆಯಲ್ಲಿ ಏನು ಮಾಡಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಅದೂ ಮದ್ದೇ, ಇದೂ ಮದ್ದೇ

1986ನೇ ಇಸವಿ, ಹಸ್ತ ಮಳೆ ದಿನ. ನನಗೆ ಹದಿನೇಳು ವರ್ಷ. ಅಪ್ಪನ ಹತ್ತಿರ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು, ಪರವಾನಗಿ ಇತ್ತು. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸಲಾಕೆಯಿಂದ ಇಡಿದು, ಕೇಪು ಇಟ್ಟು ಹಾರಿಸುವುದು. ಮದ್ದಿನ ಅಳತೆಗೆ ಒಂದು ಬಿದಿರಿನ ಕೊಳವಿ. ಅದನ್ನು ನನ್ನ ಅಜ್ಜ ಮಾಡಿಟ್ಟದ್ದು. ಅಜ್ಜನಿಗೆ ಅಳತೆ ಯಾರು ಹೇಳಿದರೋ, ಕೇಳಿದವರಿಲ್ಲ.

ಆ ವಾರ ಮದ್ದು ಮುಗಿದುಹೋಯಿತು. ಜಿಲ್ಲಾ ಪಟ್ಟಣದ ಲೈಸೆನ್ಸ್ ಅಂಗಡಿಗೆ ಹೋಗಿ ಬರಲು ಒಂದು ದಿನ ಬೇಕು, ಕೈಯಲ್ಲಿ ದುಡ್ಡೂ ಬೇಕು. ಹಂದಿ ಕಾಯುವುದಿಲ್ಲವಲ್ಲ. ಪಕ್ಕದ ಊರಿನಲ್ಲಿ ತೋಟೆ ಕೋವಿ ಇದ್ದವರೊಬ್ಬರು ಇದ್ದರು. ನಾನೇ ಸೈಕಲ್ಲು ತುಳಿದುಕೊಂಡು ಹೋಗಿ ಕೇಳಿದೆ. ಅವರು ಹಳೇ ತೋಟೆಗಳನ್ನು ಒಡೆದು ತೆಗೆದಿಟ್ಟಿದ್ದ ಮದ್ದನ್ನು ಒಂದು ಸೀಸೆಯಲ್ಲಿ ಹಾಕಿಕೊಟ್ಟರು. ಹಾಗೆ ಕೊಡುವುದೂ ತರುವುದೂ ಕಾನೂನಿಗೆ ತಪ್ಪು ಅನ್ನುವುದು ನನಗೆ ಆಗ ತಿಳಿಯದು. "ಎಷ್ಟು ಹಾಕಬೇಕು ಅಣ್ಣ?" ಅಂತ ಕೇಳಿದೆ. "ನಿಮ್ಮಪ್ಪ ದಿನಾ ಎಷ್ಟು ಹಾಕ್ತಾರೋ ಅಷ್ಟೇ ಹಾಕು ಅನ್ನು. ಅದೂ ಮದ್ದೇ, ಇದೂ ಮದ್ದೇ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೆ ತಿಳಿದದ್ದೇ ಅಷ್ಟು.

ಅಪ್ಪ ಬಿದಿರು ಕೊಳವಿಯಲ್ಲಿ ಅಳೆದು ಹಾಕಿದ. ನಾನು ಮಂಚಿಕೆ ಕೆಳಗೆ ಲಾಟೀನು ಹಿಡಿದು ನಿಂತಿದ್ದೆ. ಶಬ್ದ ಬೇರೆ ರೀತಿ ಬಂತು. ನಳಿಗೆಯ ಬುಡ ಬಾಳೆದಿಂಡು ಸೀಳಿದ ಹಾಗೆ ಸೀಳಿತ್ತು. ಅಪ್ಪನ ಎಡಗೈಯಲ್ಲಿ ಎರಡು ಬೆರಳು ಹೋಯಿತು, ಎಡಗಣ್ಣು ಹೋಯಿತು. ಗಾಡಿ ಕಟ್ಟಿಕೊಂಡು ಆಸ್ಪತ್ರೆ ಸೇರುವಾಗ ಬೆಳಗಾಗಿತ್ತು.

ಅಪ್ಪ ತೀರಿಕೊಂಡು ಈಗ ಹನ್ನೆರಡು ವರ್ಷ. ಬದುಕಿರುವ ತನಕ ಒಂದು ದಿನವೂ "ನೀನು ತಂದೆಯಲ್ಲೋ" ಅಂತ ನನ್ನನ್ನು ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತೋ ಏನೋ.

ಎರಡು ಮದ್ದು, ಎರಡು ಗುಣ

ಆಗ ಏನು ನಡೆಯಿತು ಅನ್ನುವುದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ನಮ್ಮ ಕೇಪಿನ ಕೋವಿಗೆ ಹಾಕುವುದು ಕರಿಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ್ದು. ಅದು ಸುಟ್ಟರೆ ದಟ್ಟ ಹೊಗೆ ಬರುತ್ತದೆ, ನಳಿಗೆಯೊಳಗೆ ಮಸಿ ಕೂರುತ್ತದೆ. ತೋಟೆಯೊಳಗೆ ಇರುವುದು ಈಗಿನ ಕಾಲದ ಹೊಗೆಯಿಲ್ಲದ ಮದ್ದು. ಅದರ ರಸಾಯನವೇ ಬೇರೆ. ಒಂದೇ ಅಳತೆ ಕೊಳವಿಯಲ್ಲಿ ಹಾಕಿದರೆ ಇದರ ಶಕ್ತಿ ಕರಿಮದ್ದಿಗಿಂತ ಎಷ್ಟೋ ಜಾಸ್ತಿ. ಒತ್ತಡ ಒಮ್ಮೆಲೇ ಏರುತ್ತದೆ. ಕರಿಮದ್ದಿಗೆಂದು ಮಾಡಿದ ನಳಿಗೆ ಅದನ್ನು ತಡೆಯುವುದಿಲ್ಲ. ಹೊರದೇಶಗಳಲ್ಲಿ ಮಾಡುವ ಬಾಯಿ ತುಂಬುವ ಕೋವಿಗಳ ಎಷ್ಟೋ ನಳಿಗೆಗಳ ಮೇಲೆ "ಕರಿಮದ್ದು ಮಾತ್ರ" ಅಂತ ಇಂಗ್ಲಿಷಿನಲ್ಲಿ ಕೆತ್ತಿಯೇ ಇರುತ್ತಾರಂತೆ. ಅಪ್ಪನ ಕೋವಿಯ ಮೇಲೆ ಏನೂ ಕೆತ್ತಿರಲಿಲ್ಲ. ಕೆತ್ತಿದ್ದರೂ ಓದುವವರು ಯಾರು?

ನಮ್ಮ ಭಾಷೆಯಲ್ಲಿ ಮದ್ದು ಅನ್ನುವುದು ಒಂದೇ ಮಾತು. ರೋಗಕ್ಕೂ ಮದ್ದು, ಹುಳಕ್ಕೂ ಮದ್ದು, ಕೋವಿಗೂ ಮದ್ದು. ಹೆಸರು ಒಂದಾದರೆ ಅಳತೆಯೂ ಒಂದೇ ಅಂದುಕೊಳ್ಳುವುದು ನಮ್ಮ ಅಭ್ಯಾಸ. ಆ ಅಭ್ಯಾಸವೇ ಅಪ್ಪನ ಕಣ್ಣು ತೆಗೆದದ್ದು.

ಅಳಿಯ ತಂದ ಪುಸ್ತಕ

ನನ್ನ ತಂಗಿ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಲ್ಲಿನ ನೆರೆಯವರ ಜೊತೆ ಸೇರಿ ಅವನಿಗೆ ಗುರಿ ಹೊಡೆಯುವ ಹವ್ಯಾಸ ಹತ್ತಿದೆ. ಅಲ್ಲಿ ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪನ್ನು ಬಿಸಾಡದೆ, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮನೆಯಲ್ಲೇ ಮತ್ತೆ ತುಂಬುವವರು ಬಹಳ ಜನರಂತೆ. ನಮ್ಮಲ್ಲಿ ಅದು ಆಗುವಂಥದ್ದಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ತೋಟೆ ತಯಾರಿಸಲಿಕ್ಕೆ ಬೇರೆಯೇ ಪರವಾನಗಿ ಬೇಕು. ಬೆಳೆ ಕಾಯುವ ಪರವಾನಗಿ ಅದಕ್ಕೆ ನಡೆಯುವುದಿಲ್ಲ. ಆದರೆ ಕೇಪಿನ ಕೋವಿ ಇದ್ದವನು ಪ್ರತಿ ಸಲವೂ ಮದ್ದನ್ನು ತಾನೇ ಅಳೆದು ತುಂಬಬೇಕು. ಅಷ್ಟರ ಮಟ್ಟಿಗೆ ಅವರ ಕಷ್ಟವೂ ನಮ್ಮ ಕಷ್ಟವೂ ಒಂದೇ.

ಮೊನ್ನೆ ಊರಿಗೆ ಬಂದವನನ್ನು ಜಗಲಿ ಮೇಲೆ ಕೂರಿಸಿಕೊಂಡು ಕೇಳಿದೆ. "ಅಲ್ಲಪ್ಪ, ಅಷ್ಟು ಜನ ಮನೆಯಲ್ಲೇ ತುಂಬ್ತಾರಲ್ಲ, ಅಳತೆ ಯಾರು ಹೇಳ್ತಾರೆ?"

"ಪುಸ್ತಕ ಇದೆ ಮಾವ" ಅಂದ. ಒಂದನ್ನು ತಂದೂ ಇದ್ದ. ಇಟ್ಟಿಗೆ ದಪ್ಪದ್ದು. ಲೈಮನ್ ಅನ್ನುವ ಕಂಪನಿಯದು. 1878ರಿಂದ ಇರುವ ಕಂಪನಿಯಂತೆ. ಗುಂಡು ಮಾಡುವ ಹಾರ್ನಡಿ ಕಂಪನಿಯವರದು ಇನ್ನೊಂದು ಪುಸ್ತಕ ಇದೆ. ಮದ್ದು ಮಾರುವ ಹಾಜ್ಡನ್ ಕಂಪನಿಯವರು ವರ್ಷಕ್ಕೊಂದು ಪುಸ್ತಕ ಹಾಕುತ್ತಾರೆ. ಇವರೆಲ್ಲ ಬೇರೆ ಬೇರೆ ಕಡೆಯವರು. ಆದರೆ ಎಲ್ಲರೂ ತಮ್ಮ ಪರೀಕ್ಷಾಶಾಲೆಯಲ್ಲಿ ಒತ್ತಡ ಅಳೆಯುವ ನಳಿಗೆಯಲ್ಲಿ ಹಾರಿಸಿ ನೋಡಿ, ಆಮೇಲೆ ಬರೆಯುತ್ತಾರೆ.

ಆ ಒತ್ತಡ ಅಂದರೆ ಎಷ್ಟು ಅಂತ ಕೇಳಿದೆ. ನಮ್ಮ ಬೈಕಿನ ಟೈರಿಗೆ 30 ಪೌಂಡು ಚಿಲ್ಲರೆ ಗಾಳಿ ಹೊಡೆಸುತ್ತೇವಲ್ಲ, ಅದೇ ಲೆಕ್ಕದಲ್ಲಿ 12 ಬೋರಿನ ಸಾಮಾನ್ಯ ತೋಟೆಯ ಮೇಲ್ಮಿತಿ 11,500 ಪೌಂಡು. ಅಮೆರಿಕದವರ ತರ್ಟಿ-ಆಟ್-ಸಿಕ್ಸ್ ಅನ್ನುವ ರೈಫಲು ತೋಟೆಗೆ 60,000. ಇದು ಮುಖದಿಂದ ಒಂದು ಗೇಣು ದೂರದಲ್ಲಿ ನಡೆಯುವ ಕೆಲಸ. ಈ ಮೇಲ್ಮಿತಿಗಳನ್ನು ಗೊತ್ತು ಮಾಡಲಿಕ್ಕೆ ಅಲ್ಲಿನ ತಯಾರಕರ ಒಂದು ಸಂಸ್ಥೆಯೇ ಇದೆ. ಅದು 1926ರಲ್ಲಿ ಆದದ್ದು, ಹೆಸರು ಸಾಮಿ. ಯುರೋಪಿನಲ್ಲಿ 1914ರಲ್ಲೇ ಆ ಕೆಲಸಕ್ಕೆ ಸಿಐಪಿ ಅನ್ನುವ ಸಂಸ್ಥೆ ಹುಟ್ಟಿತು.

ಮದ್ದನ್ನು ಅವರು ಗ್ರೇನಿನಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7,000 ಗ್ರೇನು. ಕಾಳಿನ ತೂಕದಿಂದ ಬಂದ ಹೆಸರು. ನಮ್ಮ ಅಕ್ಕಸಾಲಿಗಳು ಗುಲಗಂಜಿಯಲ್ಲಿ ಚಿನ್ನ ತೂಗುತ್ತಿದ್ದರಲ್ಲ, ಒಂದು ಗುಲಗಂಜಿಗೆ ಹೆಚ್ಚುಕಡಿಮೆ ಎರಡು ಗ್ರೇನು. ಚಿನ್ನ ತೂಗುವಷ್ಟು ನಯವಾಗಿ ಅವರು ಮದ್ದು ತೂಗುತ್ತಾರೆ. ನಮ್ಮಲ್ಲಿ ಮದ್ದಿನ ಅಳತೆ ಇನ್ನೂ ಬೆರಳಿನಲ್ಲಿದೆ. ಸಲಾಕೆ ಇಳಿಸಿ "ನಾಲ್ಕು ಬೆರಳು ಮೇಲೆ ನಿಂತರೆ ಸರಿ" ಅನ್ನುತ್ತಾರೆ. ಯಾರ ಬೆರಳು?

ಪಟ್ಟಿಯೊಳಗೆ ಏನಿದೆ

ಆ ಪುಸ್ತಕದಲ್ಲಿ ಬರೀ "ಇಷ್ಟು ಹಾಕಿ" ಅಂತ ಇಲ್ಲ. ಯಾವ ತೋಟೆ, ಯಾವ ಚಿಪ್ಪು, ಯಾವ ಕೇಪು, ಎಷ್ಟು ತೂಕದ ಗುಂಡು, ಯಾವ ಹೆಸರಿನ ಮದ್ದು, ಎಷ್ಟು ಉದ್ದದ ನಳಿಗೆಯಲ್ಲಿ ಪರೀಕ್ಷೆ ಮಾಡಿದ್ದು, ಎಲ್ಲ ಬರೆದಿರುತ್ತಾರೆ. ಆಮೇಲೆ ಎರಡು ಅಂಕಿ. ಒಂದು ಶುರು ಮಾಡುವ ಅಳತೆ, ಇನ್ನೊಂದು ದಾಟಬಾರದ ಅಳತೆ. ಕೆಳಗಿನದರಿಂದ ಶುರು ಮಾಡಿ, ಚಿಪ್ಪು, ಕೇಪು ನೋಡಿಕೊಳ್ಳುತ್ತಾ ಸ್ವಲ್ಪ ಸ್ವಲ್ಪವೇ ಏರಬೇಕು. ದೊಡ್ಡ ಅಂಕಿಯಿಂದ ಶುರು ಮಾಡುವವನು ಮೂರ್ಖ ಅಂತ ಅಲ್ಲಿನ ಹಳಬರು ಬಯ್ಯುತ್ತಾರಂತೆ.

"ಹಾಗಾದರೆ ಅವರು ಹೇಳಿದ್ದಕ್ಕಿಂತಲೂ ಕಡಿಮೆ ಹಾಕಿದರೆ ಇನ್ನೂ ಕ್ಷೇಮ ಅಲ್ಲವೇ?" ಅಂದೆ. ನಾನು ಮಳೆನಾಡಿನವನಲ್ಲ, ಎಲ್ಲದರಲ್ಲೂ ಕಡಿಮೆ ಮಾಡಿ ಬದುಕಿದವನು. "ಅಲ್ಲ ಮಾವ" ಅಂದ. ಮದ್ದು ತೀರ ಕಡಿಮೆಯಾದರೆ ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಳ್ಳಬಹುದು. ಅದು ಗೊತ್ತಾಗದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ. ಆದ್ದರಿಂದ ಕೆಳಗಿನ ಅಂಕಿಯೂ ಪರೀಕ್ಷೆ ಮಾಡಿ ಹಾಕಿದ್ದೇ. ಮೇಲೂ ಮಿತಿ ಇದೆ, ಕೆಳಗೂ ಮಿತಿ ಇದೆ.

ಇನ್ನೊಂದು ಮಾತು ಹೇಳಿದ, ಅದು ನನ್ನ ಎದೆಗೆ ನಾಟಿತು. ಅಲ್ಲಿ 4831 ಅನ್ನುವ ನಂಬರಿನ ಎರಡು ಮದ್ದು ಇದ್ದವಂತೆ. ಒಂದರ ಹಿಂದೆ "ಎಚ್" ಅಂತ, ಇನ್ನೊಂದರ ಹಿಂದೆ "ಐಎಂಆರ್" ಅಂತ. ನಂಬರು ಒಂದೇ. ನೋಡಲಿಕ್ಕೂ ಒಂದೇ ತರ. ಆದರೆ ಐಎಂಆರ್ ಸ್ವಲ್ಪ ಬೇಗ ಉರಿಯುತ್ತದೆ. ಎಚ್‌ನ ದೊಡ್ಡ ಅಳತೆಯನ್ನು ಐಎಂಆರ್‌ಗೆ ಹಾಕಿದರೆ ಒತ್ತಡ ಮಿತಿ ಮೀರುತ್ತದೆ. ಒಂದು ಅಕ್ಷರದ ವ್ಯತ್ಯಾಸ. ನನಗೆ 1986ರ ಸೀಸೆ ಕಣ್ಣ ಮುಂದೆ ಬಂತು. ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ.

ನಮಗೆ ಇದು ಹೊಸದೇನಲ್ಲ. ಇಮಿಡಾಕ್ಲೋಪ್ರಿಡ್ ಅನ್ನುವ ಹೆಸರಿನಲ್ಲೇ 17.8 ಅಂತ ದ್ರವ ಬರುತ್ತದೆ, 70 ಅಂತ ಹರಳು ಬರುತ್ತದೆ. ಒಂದರ ಅಳತೆ ಇನ್ನೊಂದಕ್ಕೆ ಹಾಕಿದರೆ ಏನಾಗುತ್ತದೆ ಅನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ರಾಗಿಗೆ ಹೇಳಿದ ಗೊಬ್ಬರ ಬೇರೆ, ನೀರಾವರಿ ರಾಗಿಗೆ ಹೇಳಿದ ಗೊಬ್ಬರ ಬೇರೆ. ಯಾವುದಕ್ಕೆ, ಎಲ್ಲಿ, ಯಾವ ಸ್ಥಿತಿಯಲ್ಲಿ ಅನ್ನುವುದನ್ನು ಬಿಟ್ಟು ಬರೀ ಅಂಕಿ ಒಂದನ್ನೇ ಹಿಡಿದುಕೊಂಡರೆ ಅದು ಅಳತೆ ಅಲ್ಲ.

ಮೂರು ಬಗೆಯ ಜನ

ಇದೆಲ್ಲ ಕೇಳಿದ ಮೇಲೆ ನನಗೆ ತೋಚಿದ್ದು ಇಷ್ಟು. ಅಳತೆ ಹೇಳುವವರು ಮೂರು ಬಗೆ.

ಒಬ್ಬನು ವಸ್ತುವನ್ನು ಮಾಡಿದವನು. ಮದ್ದು ಮಾಡಿದವನು, ಕೋವಿ ಮಾಡಿದವನು. ಅದರೊಳಗೆ ಏನಿದೆ ಅಂತ ಅವನಿಗೆ ಗೊತ್ತು. ತಪ್ಪು ಹೇಳಿದರೆ ಜವಾಬು ಅವನೇ ಕೊಡಬೇಕು.

ಎರಡನೆಯವನು ಪರೀಕ್ಷೆ ಮಾಡಿದವನು. ಇಂಗ್ಲೆಂಡಿನ ಬರ್ಮಿಂಗ್ಹ್ಯಾಮಿನಲ್ಲಿ 1813ರಿಂದ ಕೋವಿ ಪರೀಕ್ಷಾಶಾಲೆ ಇದೆ. ನಳಿಗೆಗೆ ಬೇಕೆಂದೇ ಜಾಸ್ತಿ ಒತ್ತಡ ಕೊಟ್ಟು ಹಾರಿಸಿ, ಉಳಿದರೆ ಮುದ್ರೆ ಒತ್ತುತ್ತಾರೆ. ನಮ್ಮ ಕಡೆ ಅಜ್ಜನ ಕಾಲದ ವಿಲಾಯಿತಿ ಕೋವಿ ಇದ್ದವರು ನಳಿಗೆಯ ಅಡಿಯಲ್ಲಿ ನೋಡಿದರೆ ಆ ಮುದ್ರೆ ಕಾಣಬಹುದು. ಆದರೆ ಆ ಮುದ್ರೆ ಆ ದಿನದ ನಳಿಗೆಗೆ ಕೊಟ್ಟದ್ದು. ಐವತ್ತು ವರ್ಷ ತುಕ್ಕು ತಿಂದ ಮೇಲೆ ಅದನ್ನೇ ನಂಬಿ ಕೂರಬಾರದು. ಕರಿಮದ್ದಿಗೆ ಪರೀಕ್ಷೆ ಆದ ಹಳೇ ನಳಿಗೆಗೆ ಹೊಸ ಮದ್ದಿನ ತೋಟೆಯನ್ನೂ ಹಾಕಬಾರದು.

ಮೂರನೆಯವನು "ನಾನು ಹಾಕಿದೆ, ನನಗೇನೂ ಆಗಲಿಲ್ಲ" ಅನ್ನುವವನು. ನಮ್ಮೂರುಗಳಲ್ಲಿ ಜಾಸ್ತಿ ಇರುವುದು ಇವನೇ. ಇವನು ಸುಳ್ಳುಗಾರನಲ್ಲ. ಇವನಿಗೆ ನಿಜವಾಗಿಯೂ ಏನೂ ಆಗಿಲ್ಲ. ಆದರೆ ಇವನ ನಳಿಗೆ ಬೇರೆ, ನನ್ನ ನಳಿಗೆ ಬೇರೆ. ಇವನ ಮದ್ದು ಬೇರೆ, ನನ್ನ ಮದ್ದು ಬೇರೆ. ಏನಾದರೂ ಆದವನು ಕಟ್ಟೆ ಮೇಲೆ ಕೂತು ಅಳತೆ ಹೇಳಲಿಕ್ಕೆ ಬರುವುದಿಲ್ಲ, ಆಸ್ಪತ್ರೆಯಲ್ಲಿ ಇರುತ್ತಾನೆ. ಹಾಗಾಗಿ ಕಟ್ಟೆಯ ಮೇಲೆ ನಮಗೆ ಕೇಳಿಸುವುದೆಲ್ಲ ಬಚಾವಾದವರ ಮಾತು. ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುವ ಅಳತೆಯೂ ಇದೇ ಜಾತಿಗೆ ಸೇರಿದ್ದು. ಮೊದಲು ಹೇಳಿದವನು ಯಾರು ಅಂತ ಕೇಳಿ, ಉತ್ತರ ಸಿಕ್ಕುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಪ್ರಾಣದ ಅಳತೆಯನ್ನು ಮೊದಲ ಇಬ್ಬರನ್ನು ಕೇಳಬೇಕು. ಮೂರನೆಯವನಿಗೆ ಕಾಫಿ ಕೊಟ್ಟು ಕಳಿಸಬೇಕು.

ಪುಸ್ತಕವನ್ನೂ ಕಣ್ಣು ಮುಚ್ಚಿ ನಂಬಬಾರದು ಅಂತ ಅಳಿಯ ಹೇಳಿದ. ಹಳೇ ಪುಸ್ತಕದ ಹೊತ್ತಿಗೆ ಇದ್ದ ಮದ್ದು ಈಗ ಹಾಗೇ ಇರಬೇಕೆಂದಿಲ್ಲ. ಅಚ್ಚಿನ ತಪ್ಪೂ ಇರಬಹುದು. ಅದಕ್ಕೆ ಅವನು ಹೊಸ ಪುಸ್ತಕ ನೋಡುತ್ತಾನೆ, ಎರಡು ಕಡೆ ತಾಳೆ ಮಾಡುತ್ತಾನೆ. ಎರಡರಲ್ಲಿ ವ್ಯತ್ಯಾಸ ಬಂದರೆ ಚಿಕ್ಕ ಅಂಕಿಯಿಂದ ಶುರು ಮಾಡುತ್ತಾನೆ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ ಇಡುತ್ತಾನೆ, ಎರಡನೆಯದು ಕಪಾಟಿನಲ್ಲಿ. ಆ ಹೊತ್ತಿನಲ್ಲಿ ಫೋನು ಮುಟ್ಟುವುದಿಲ್ಲ, ಮಾತಾಡುವುದಿಲ್ಲ. ತುಂಬಿದ ಮೇಲೆ ಬ್ಯಾಟರಿ ಬಿಟ್ಟು ಪ್ರತಿ ಚಿಪ್ಪಿನೊಳಗೆ ಇಣುಕುತ್ತಾನೆ, ಒಂದಕ್ಕೇ ಎರಡು ಸಲ ಬಿತ್ತೋ ಏನೋ ಅಂತ. ಕಂಪ್ಯೂಟರು ಕಲಿತವನು ಇಷ್ಟು ಹೆದರುತ್ತಾನೆ. ನಾವು ಹೆದರಿದರೆ ಅವಮಾನವೇನಿಲ್ಲ.

ನಮ್ಮ ಕೋವಿಗೆ ಏನು ಮಾಡಬೇಕು

1998ರಲ್ಲಿ ನಾನೂ ಪರವಾನಗಿ ಮಾಡಿಸಿ ಕೇಪಿನ ಕೋವಿ ತಂದೆ. ಹೆಂಡತಿ ಒಂದು ತಿಂಗಳು ಮಾತಾಡಲಿಲ್ಲ. ಹಂದಿ ಬಿಡಬೇಕಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ತರುತ್ತೇನೆ. ಈಗ ನಾನು ಪಾಲಿಸುವ ಕ್ರಮ ಹೇಳುತ್ತೇನೆ.

ಮದ್ದು ಲೈಸೆನ್ಸ್ ಇರುವ ಅಂಗಡಿಯಿಂದ ಮಾತ್ರ. ರಸೀತಿ ತೆಗೆದುಕೊಳ್ಳಬೇಕು. ಯಾವ ಬಗೆಯ ಮದ್ದು ಅಂತ ಕೇಳಿ ಡಬ್ಬದ ಮೇಲೆ ಬರೆಸಬೇಕು. ಹೆಸರಿಲ್ಲದ ಸೀಸೆಯ ಮದ್ದು ಮನೆಯಲ್ಲಿದ್ದರೆ ಅದನ್ನು ಬಳಸಬಾರದು. ಒಲೆಗೂ ಹಾಕಬಾರದು, ಮಣ್ಣಿಗೂ ಹಾಕಬಾರದು. ಏನು ಮಾಡಬೇಕೆಂದು ಅಂಗಡಿಯವರನ್ನೋ ಠಾಣೆಯವರನ್ನೋ ಕೇಳಬೇಕು. ತೋಟೆ ಒಡೆದ ಮದ್ದಂತೂ ಕೇಪಿನ ಕೋವಿಯ ಹತ್ತಿರವೂ ಸುಳಿಯಬಾರದು.

ಕೋವಿ ರಿಪೇರಿಯ ಪರವಾನಗಿ ಇರುವವರಿಗೆ ನಳಿಗೆ ತೋರಿಸಿ, ಈ ನಳಿಗೆಗೆ ಈ ಮದ್ದು ಎಷ್ಟು ಅಂತ ಕೇಳಿ, ಬಾಯಿಮಾತಲ್ಲ, ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಯಾವ ಕೋವಿ, ಯಾವ ಮದ್ದು, ಎಷ್ಟು ಚರೆ, ಮೂರೂ ಆ ಚೀಟಿಯಲ್ಲಿ ಇರಬೇಕು. ಬರೆದು ಕೊಡಲು ಹಿಂಜರಿಯುವವನ ಬಾಯಿಮಾತನ್ನು ನಂಬಬೇಡಿ. ಬರೆಯಲಾರದ್ದನ್ನು ಅವನು ಹೇಳಲೂಬಾರದು.

ಆ ಅಳತೆಗೆ ತಕ್ಕ ಹಿತ್ತಾಳೆಯ ಅಳತೆ ಕೊಳವಿ ಒಂದನ್ನು ಇಟ್ಟುಕೊಳ್ಳಬೇಕು. ಮದ್ದನ್ನು ಡಬ್ಬದಿಂದಲೋ ಕೊಂಬಿನಿಂದಲೋ ನೇರ ನಳಿಗೆಗೆ ಸುರಿಯಬಾರದು. ಹಿಂದಿನ ಗುಂಡಿನ ಕಿಡಿ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಡಬ್ಬವೇ ಸಿಡಿಯುತ್ತದೆ.

ಸಲಾಕೆಗೆ ಎರಡು ಗುರುತು ಹಾಕಬೇಕು. ನಳಿಗೆ ಖಾಲಿ ಇದ್ದಾಗ ಎಲ್ಲಿಗೆ ಇಳಿಯುತ್ತದೆ, ಸರಿಯಾಗಿ ತುಂಬಿದಾಗ ಎಲ್ಲಿಗೆ ಇಳಿಯುತ್ತದೆ. ಹೋದ ತಿಂಗಳು ತುಂಬಿಟ್ಟಿದ್ದು ಮರೆತು ಮತ್ತೆ ತುಂಬುವುದು ನಮ್ಮಲ್ಲಿ ಆಗುವ ದೊಡ್ಡ ಅನಾಹುತ. ಆ ಎರಡು ಗೆರೆ ಅದನ್ನು ತಪ್ಪಿಸುತ್ತವೆ. ನಾರು, ಚರೆ ಮದ್ದಿಗೆ ತಾಗಿ ಕೂತಿರಬೇಕು. ಮಧ್ಯೆ ಸಂದಿ ಬಿಟ್ಟರೆ ನಳಿಗೆಗೆ ಅಪಾಯ.

ಇಷ್ಟೆಲ್ಲ ಬರೆದವನು ಎಷ್ಟು ಮದ್ದು ಅನ್ನುವ ಅಂಕಿಯನ್ನು ಯಾಕೆ ಬರೆಯಲಿಲ್ಲ ಅಂತ ಕೆಲವರು ಕೇಳಬಹುದು. ನನ್ನ ಚೀಟಿಯಲ್ಲಿ ಅಂಕಿ ಇದೆ. ಅದು ನನ್ನ ನಳಿಗೆಗೆ, ನಾನು ತಂದ ಮದ್ದಿಗೆ. ಇಲ್ಲಿ ಬರೆದರೆ ನಾನೂ ಆ ಮೂರನೆಯವನೇ ಆಗುತ್ತೇನೆ.

ನಾವು ಕೇಳಬೇಕಾದದ್ದು

ಹುಳದ ಔಷಧಿಗೆ 1968ರಲ್ಲಿ ಕಾಯ್ದೆ ಬಂತು, 1971ರಲ್ಲಿ ನಿಯಮ ಬಂತು. ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಬಂತು. ಒಳಗೆ ನಮ್ಮ ಭಾಷೆಯಲ್ಲೂ ಚೀಟಿ ಬಂತು. ಅಕ್ಷರ ಸಣ್ಣದು, ಓದಲಿಕ್ಕೆ ಕನ್ನಡಕ ಸಾಲದು, ಅದು ಬೇರೆ ಮಾತು. ಆದರೆ ಇದೆ. ಓದದೆ ಬಿಟ್ಟರೆ ತಪ್ಪು ನಮ್ಮದು.

ಕೋವಿಯ ಮದ್ದಿಗೂ ಅಂಥದೊಂದು ಚೀಟಿ ಕನ್ನಡದಲ್ಲಿ ಯಾಕೆ ಬೇಡ? ಬಿಹಾರದ ಮುಂಗೇರಿನ ಕೋವಿ ಕಾರ್ಖಾನೆಗಳಿಂದ ಹಿಡಿದು ಸರ್ಕಾರಿ ಕಾರ್ಖಾನೆವರೆಗೆ ಯಾರೇ ಮಾಡಿದ ಕೋವಿ ಇರಲಿ, ರೈತನ ಕೈಗೆ ಬರುವಾಗ ಯಾವ ಮದ್ದು, ಎಷ್ಟು, ಯಾವುದನ್ನು ಹಾಕಲೇಬಾರದು ಅನ್ನುವ ಒಂದು ಪುಟ ಜೊತೆಯಲ್ಲಿ ಬರಬೇಕು. ಮದ್ದಿನ ಡಬ್ಬದ ಮೇಲೆ ಅದರ ಬಗೆ ದೊಡ್ಡ ಅಕ್ಷರದಲ್ಲಿ ಇರಬೇಕು. 2016ರ ಆಯುಧ ನಿಯಮಗಳಲ್ಲಿ ಹೊಸದಾಗಿ ಪರವಾನಗಿ ಕೇಳುವವರಿಗೆ ಸುರಕ್ಷತೆಯ ತರಬೇತಿಯ ಮಾತು ಸೇರಿದೆ, ಒಳ್ಳೆಯದು. ಆದರೆ ಹಳೇ ಕೋವಿ, ಹಳೇ ಬಿದಿರು ಕೊಳವಿ ಇಟ್ಟುಕೊಂಡ ನನ್ನ ವಯಸ್ಸಿನವರಿಗೆ? ಪರವಾನಗಿ ನವೀಕರಣಕ್ಕೆ ಹೋದ ದಿನ ಸಹಿ ಹಾಕಿಸಿಕೊಳ್ಳುವ ಜೊತೆಗೆ ಆ ಒಂದು ಪುಟವನ್ನು ಓದಿ ಹೇಳಿದರೆ ಖರ್ಚೇನೂ ಇಲ್ಲ.

ಕೋವಿ ಬೇಕೇ ಬೇಡವೇ ಅನ್ನುವ ವಾದ ಬೇರೆ ಇದೆ. ತಂತಿಬೇಲಿ, ಸೋಲಾರ್ ಬೇಲಿ ಕಟ್ಟಿಸುವ ಶಕ್ತಿ ಬಂದರೆ ನಾನೇ ಮೊದಲು ಕೋವಿ ಒಪ್ಪಿಸಿಬಿಡುತ್ತೇನೆ. ಆ ತನಕ ಇರುವ ಕೋವಿ ನಮ್ಮನ್ನೇ ಕೊಲ್ಲದ ಹಾಗೆ ನೋಡಿಕೊಳ್ಳಬೇಕು.

ಅಜ್ಜನ ಬಿದಿರು ಕೊಳವಿ ಈಗಲೂ ನಮ್ಮ ಮನೆ ಗೂಡಿನಲ್ಲಿದೆ. ಬಿಸಾಡಿಲ್ಲ. ಮೊಮ್ಮಗ ಒಂದು ದಿನ ತೆಗೆದು "ಇದೇನು ತಾತ?" ಅಂದ. "ಅಳತೆ ಕೊಳವಿ" ಅಂದೆ. "ಎಷ್ಟು ಹಿಡಿಯುತ್ತೆ?" ಅಂದ. ಎಷ್ಟು ಅಂತ ನನಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ, ಅಜ್ಜನಿಗೂ ಗೊತ್ತಿತ್ತೋ ಇಲ್ಲವೋ. ಮೂರು ತಲೆಮಾರು ಅದರಲ್ಲೇ ಅಳೆದೆವು.

ಕೇಪಿನ ಕೋವಿ ಇಟ್ಟುಕೊಂಡವರು ದಯವಿಟ್ಟು ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಅಳತೆ ಕೊಳವಿಯನ್ನು ಕೈಗೆ ತೆಗೆದುಕೊಂಡು, ಇದನ್ನು ನನಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಅಂತ ಒಂದು ಸಲ ಕೇಳಿಕೊಳ್ಳಿ. ಉತ್ತರ ಸಿಕ್ಕದಿದ್ದರೆ ಕೋವಿ ತುಂಬಬೇಡಿ. ಪಟ್ಟಣಕ್ಕೆ ಹೋಗಿ ಕೇಳಿಕೊಂಡು ಬನ್ನಿ. ಅಷ್ಟರಲ್ಲಿ ಹಂದಿ ಒಂದು ಗುಂಟೆ ಶೇಂಗಾ ತಿಂದೀತು. ತಿನ್ನಲಿ ಬಿಡಿ.